ಹಿತ್ತಿಲ ಹೇಂಟೆಯ ಮೊಟ್ಟೆ ಮಗುವಿಗೆ ಕೊಡಬಹುದೇ?

ಪ್ರಶ್ನೆ: ಡಾಕ್ಟ್ರೇ, ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಹಿತ್ತಿಲಲ್ಲಿ ನಾಲ್ಕು ಹೇಂಟೆ ಸಾಕಿದ್ದೇವೆ. ಮನೆಯಲ್ಲಿ ಸಾಕಿದ ಕೋಳಿಯ ಮೊಟ್ಟೆ ತಿನ್ನಬೇಡಿ, ಅದರಲ್ಲಿ ಪಿಎಫ್‌ಎಎಸ್ ಇದೆ ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಹೇಳಿದೆ. ಊರಿಂದ ಬಂದಿರುವ ಅತ್ತೆ, "ಚೆನ್ನಾಗಿ ಬೇಯಿಸಿದ್ರೆ ಎಲ್ಲಾ ಹೋಗುತ್ತೆ, ಅಂಗಡಿ ಮೊಟ್ಟೆಗಿಂತ ಇದೇ ವಾಸಿ" ಅನ್ನುತ್ತಾರೆ. ಮಗನಿಗೆ ನಾಲ್ಕು ವರ್ಷ, 15 ಕೆ.ಜಿ. ತೂಕ. ದಿನಾ ಒಂದು ಮೊಟ್ಟೆ ತಿನ್ನುತ್ತಾನೆ.
– ಓದುಗರೊಬ್ಬರು

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ನಮ್ಮಮ್ಮನೂ ಆಡುತ್ತಿದ್ದಳು. ತಿಪಟೂರಿನ ಕಡೆ ನಮ್ಮೂರಲ್ಲಿ ಬೆಳಗ್ಗೆ ಮಕ್ಕರಿ ಎತ್ತಿದರೆ ಸಾಕು, ಕೋಳಿಗಳು ನೇರ ತಿಪ್ಪೆಗೆ. ಕೆರೆದು ಹುಳ ತಿಂದ ನಾಟಿ ಕೋಳಿಯ ಮೊಟ್ಟೆಗೇ ರುಚಿ, ಅದಕ್ಕೇ ಬೆಲೆ. ಪಶುವೈದ್ಯನಾಗಿ 32 ವರ್ಷ ನಾನೂ ಅದನ್ನೇ ಹೇಳಿಕೊಂಡು ತಿರುಗಿದವನು.

ನಿಮ್ಮ ಹಿತ್ತಿಲಲ್ಲಿ ಆ ಕೆರೆಯುವ ಗುಣವೇ ಮುಳುವಾಗಿದೆ. ಪಿಎಫ್‌ಎಎಸ್ ಅಂದರೆ ಇಂಗಾಲಕ್ಕೆ ಫ್ಲೋರಿನ್ ಬಿಗಿಯಾಗಿ ಅಂಟಿಕೊಂಡಿರುವ ಸಾವಿರಾರು ರಾಸಾಯನಿಕಗಳ ದೊಡ್ಡ ಬಳಗ. ಎಣ್ಣೆ ಹೀರದ ಕಾಗದ, ನೀರು ಹಿಡಿಯದ ಬಟ್ಟೆ, ಬೆಂಕಿ ನಂದಿಸುವ ನೊರೆ, ಎಲ್ಲದರಲ್ಲೂ ದಶಕಗಳ ಕಾಲ ಬಳಸಿದರು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದಕ್ಕೂ ಆ ನಂಟು ಬಿಡಿಸಲು ಆಗದು. ಹಾಗೆ ಮಣ್ಣಿಗಿಳಿದದ್ದು ಎರೆಹುಳುವಿಗೆ, ಎರೆಹುಳುವಿನಿಂದ ಕೋಳಿಗೆ, ಕೋಳಿಯಿಂದ ಮೊಟ್ಟೆಯ ಹಳದಿಗೆ ಬರುತ್ತದೆ. ಗುಮಾನಿ ಮಣ್ಣು ಮತ್ತು ಹುಳುವಿನ ಮೇಲೇ ಹೆಚ್ಚು. ಪಕ್ಕದ ಬೆಲ್ಜಿಯಂನಲ್ಲಿ, ಆಂಟ್‌ವರ್ಪ್ ಹತ್ತಿರದ ಜ್ವೈನ್‌ಡ್ರೆಕ್ಟ್‌ನಲ್ಲಿ ಪಿಎಫ್‌ಎಎಸ್ ತಯಾರಿಸುತ್ತಿದ್ದ ಕಾರ್ಖಾನೆಯ ಸುತ್ತಲಿನವರಿಗೆ 2021ರಲ್ಲೇ ಇಂಥ ಸೂಚನೆ ಕೊಟ್ಟಿದ್ದರು. ನೀವಿರುವ ದೇಶದಲ್ಲಿ 2025ರ ಏಪ್ರಿಲ್‌ನಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಕಾರ್ಖಾನೆ ದೂರವಿದೆ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಬೇಯಿಸಿದರೆ ಸಾಯುವುದು ಸಾಲ್ಮೊನೆಲ್ಲಾದಂಥ ರೋಗಾಣು. ಇದು ರೋಗಾಣುವಲ್ಲ. ಅರ್ಧ ಗಂಟೆ ಕುದಿಸಿದರೂ ಮೊಟ್ಟೆ ಗಟ್ಟಿಯಾದೀತೇ ಹೊರತು ಇದು ಜಗ್ಗದು. ಅತ್ತೆಯವರಿಗೆ ಇಷ್ಟನ್ನು ಮೆತ್ತಗೆ ಹೇಳಿ.

ಈಗ ಮಗುವಿನ ಲೆಕ್ಕ. ಈ ಬಳಗದ ನಾಲ್ಕು ಮುಖ್ಯ ರಾಸಾಯನಿಕಗಳು ಒಟ್ಟು ಸೇರಿ, ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 4.4 ನ್ಯಾನೊಗ್ರಾಂ ಮೀರಬಾರದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿತು. ನಿಮ್ಮ ಮಗನಿಗೆ ಅದು ವಾರಕ್ಕೆ 66. ಮಾರಾಟದ ಮೊಟ್ಟೆಗೆ 2023ರಿಂದ ಅಲ್ಲಿರುವ ಗರಿಷ್ಠ ಮಿತಿ ಕಿಲೋಗೆ 1.7 ಮೈಕ್ರೊಗ್ರಾಂ, ಅಂದರೆ 1,700 ನ್ಯಾನೊಗ್ರಾಂ. ಆ ಮಿತಿ ಮುಟ್ಟಿದ 50 ಗ್ರಾಂನ ಒಂದೇ ಮೊಟ್ಟೆಯಲ್ಲಿ 85 ನ್ಯಾನೊಗ್ರಾಂ ಆಯಿತು! ವಾರದ ಪಾಲು ಒಂದೇ ಬೆಳಗಿನ ತಿಂಡಿಗೆ ಮುಗಿದು ಮೇಲೆ ಸಾಲ. ಹಾಗಂತ ಗಾಬರಿ ಬೇಡ. ಇದು ತಿಂದ ಕೂಡಲೇ ವಾಂತಿ ಬರಿಸುವ ವಿಷವಲ್ಲ, ವರ್ಷಗಟ್ಟಲೆ ಮೈಯಲ್ಲಿ ಕೂಡಿಕೊಳ್ಳುವಂಥದ್ದು. ಮಕ್ಕಳಲ್ಲಿ ಲಸಿಕೆಗೆ ಮೈ ಸರಿಯಾಗಿ ಸ್ಪಂದಿಸದಿರುವುದನ್ನು ನೋಡಿಯೇ ಆ 4.4ರ ಗೆರೆ ಎಳೆದದ್ದು. ಇಷ್ಟು ದಿನ ತಿಂದದ್ದಕ್ಕೆ ಕೊರಗಬೇಡಿ, ಇವತ್ತಿನಿಂದ ನಿಲ್ಲಿಸಿ.

ಅಂಗಡಿ ಮೊಟ್ಟೆ ಕೊಡಿ. ನಾಟಿ ಕೋಳಿ ಅಭಿಮಾನಿಯಾದ ನನಗೆ ಈ ಸಾಲು ಬರೆಯಲು ಕೈ ಬರುತ್ತಿಲ್ಲ, ಆದರೂ ನಿಮ್ಮಲ್ಲಿಗೆ ಅದೇ ಸರಿ. ಅಂಗಡಿಯದ್ದೂ ಅಪ್ಪಟವೇನಲ್ಲ: ಡೆನ್ಮಾರ್ಕ್‌ನಲ್ಲಿ 2023ರಲ್ಲಿ ಸಾವಯವ ಮೊಟ್ಟೆಗಳಲ್ಲೇ ಇದು ಸಿಕ್ಕಿತು, ಕಾರಣ ಕೋಳಿಗೆ ಹಾಕುತ್ತಿದ್ದ ಮೀನಿನ ಪುಡಿ. ಮೇವು ಬದಲಿಸಿದರೆ ಅದು ಇಳಿಯುತ್ತದೆ. ನಿಮ್ಮ ಹಿತ್ತಿಲ ಮಣ್ಣನ್ನು ಹಾಗೆ ಬದಲಿಸುವುದೆಲ್ಲಿ?

ಕೋಳಿಗಳನ್ನು ಮಾರಬೇಡಿ, ಮಗನ ಜೊತೆಗಾರರಾಗಿ ಇರಲಿ. ಮೊಟ್ಟೆಯನ್ನು ನೆರೆಮನೆಗೆ ಹಂಚುವುದೂ ಬೇಡ, ಒಡೆದು ಮತ್ತೆ ಕೋಳಿಗೇ ಹಾಕುವುದೂ ಬೇಡ.

ಪ್ರಶ್ನೆ: ಹಾಗಾದರೆ ನಾನ್‌ಸ್ಟಿಕ್ ದೋಸೆ ಕಾವಲಿ ಎಸೆಯಲೇ?
– ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ಆ ಲೇಪನವೂ ಅದೇ ಬಳಗದ್ದು. ಆದರೆ ಅದರ ಚೂರು ಹೊಟ್ಟೆಗೆ ಹೋದರೂ ಹಾಗೇ ಹೊರಬೀಳುತ್ತದೆ. ಕಾಡಿದ್ದು ಹಿಂದೆ ಅದರ ತಯಾರಿಕೆಗೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ಇದೇ ಬಳಗದ ರಾಸಾಯನಿಕ. ಲೇಪನ ಎದ್ದಿದ್ದರೆ ಬದಲಿಸಿ. ಬರೀ ಕಾವಲಿಯನ್ನು ಒಲೆಯ ಮೇಲೆ ಮರೆಯಬೇಡಿ. ಹಾಗೆ ಹೊಗೆಯೆದ್ದ ಅಡುಗೆಮನೆಯಲ್ಲಿ ಸತ್ತ ಒಂದು ಜೊತೆ ಲವ್‌ಬರ್ಡ್ಸ್ ಅನ್ನು ಹಿಂದೊಮ್ಮೆ ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು. ಹಕ್ಕಿಯ ಶ್ವಾಸಕೋಶ ಆ ಹೊಗೆಯನ್ನು ತಡೆಯದು. ಗಿಳಿ ಸಾಕಿದ್ದರೆ ಪಂಜರವನ್ನು ಪಡಸಾಲೆಗೆ ಸಾಗಿಸಿ. ನಮ್ಮನೆಯಲ್ಲಿ ಇನ್ನೂ ಕಬ್ಬಿಣದ ಕಾವಲಿಯೇ, ಮೊದಲ ದೋಸೆ ದಿನಾ ಹರಿಯುತ್ತದೆ.