ಉಪೇಂದ್ರ ನಿರ್ದೇಶಿಸಿದ ಸಿನಿಮಾಗಳಲ್ಲಿ ಯಾವುದು ಮೊದಲು, ಯಾವುದು ಕೊನೆ?

ತೀರ್ಥಹಳ್ಳಿಯ ನಿಮ್ಮ ಗೆಳೆಯರಲ್ಲಿ ಒಬ್ಬರು ‘ಓಂ’ ಎಲ್ಲಕ್ಕಿಂತ ಚೆನ್ನ ಅಂತಾರೆ, ಇನ್ನೊಬ್ಬರು ‘ಉಪೇಂದ್ರ’ ಸಿನಿಮಾನೇ ಚೆನ್ನ ಅಂತಾರೆ, ಜಗಳ ಬಗೆಹರಿಯುತ್ತಿಲ್ಲ ಅಂತ ಬರೆದಿದ್ದೀರಿ.

ಮೊದಲು ನೀವು ಕಳಿಸಿರುವ ಪಟ್ಟಿ ಸರಿ ಮಾಡಿಕೊಳ್ಳಿ. ‘ರಕ್ತ ಕಣ್ಣೀರು’ ತೆಗೆಯಿರಿ, ಅದು ಸಾಧು ಕೋಕಿಲ ನಿರ್ದೇಶನದ್ದು. ‘ಪ್ರೀತ್ಸೆ’ ಡಿ. ರಾಜೇಂದ್ರಬಾಬು ಅವರದ್ದು. ಉಪ್ಪಿ ಕನ್ನಡದಲ್ಲಿ ನಿರ್ದೇಶಿಸಿದ್ದು ಹತ್ತು: ‘ತರ್ಲೆ ನನ್ ಮಗ’ (1992), ‘ಶ್!’ (1993), ‘ಓಂ’ ಮತ್ತು ‘ಆಪರೇಷನ್ ಅಂತ’ (1995), ‘ಎ’ (1998), ‘ಸ್ವಸ್ತಿಕ್’ ಮತ್ತು ‘ಉಪೇಂದ್ರ’ (1999), ‘ಸೂಪರ್’ (2010), ‘ಉಪ್ಪಿ 2’ (2015), ‘ಯುಐ’ (2024).

ಇನ್ನು ಅಳತೆಗೋಲು. ನಿಮ್ಮ ತಾಲ್ಲೂಕಿನವರೇ ಆದ, ಕಲಾತ್ಮಕ ಚಿತ್ರಗಳ ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರ ಸಿನಿಮಾ ನೋಡುವ ಕಣ್ಣಿನಿಂದ ಇವನ್ನು ಅಳೆದರೆ ಇಬ್ಬರಿಗೂ ಅನ್ಯಾಯ. ಉಪ್ಪಿಯ ಕಸುಬು ಇರುವುದು ದೃಶ್ಯಗಳನ್ನು ಹಿಂದುಮುಂದು ಮಾಡುವುದರಲ್ಲಿ. ಹಾಗಾಗಿ ಹೀಗೆ ಮಾಡಿ: ಒಂದು ಸಿನಿಮಾದ ಮುಖ್ಯ ದೃಶ್ಯಗಳನ್ನು ಹದಿನೈದು ಚೀಟಿಗಳಲ್ಲಿ ಬರೆದು, ಘಟನೆ ನಡೆದ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿ ಓದಿ. ನೇರವಾಗಿ ಹೇಳಿದರೂ ಕಥೆ ಅಷ್ಟೇ ಚೆನ್ನಾಗಿದ್ದರೆ ಆ ಹಿಂದುಮುಂದು ಬರೀ ಅಲಂಕಾರ.

‘ಓಂ’ ಈ ಪರೀಕ್ಷೆಯಲ್ಲಿ ವಿಚಿತ್ರವಾಗಿ ನಿಲ್ಲುತ್ತದೆ. ಅರ್ಚಕರ ಮಗ ಸತ್ಯ ರೌಡಿಯಾಗುವ ಕಥೆ ನೇರವಾಗಿ ಹೇಳಿದರೂ ಗಟ್ಟಿ. ಮೊದಲು ರೌಡಿಯನ್ನು ತೋರಿಸಿ ಆಮೇಲೆ ಕಾರಣ ಬಿಚ್ಚುವುದರಿಂದ ಕುತೂಹಲ ಹೆಚ್ಚುತ್ತದೆ, ಅಷ್ಟೆ. ‘ಎ’ ಹಾಗಲ್ಲ. ಕುಡಿದು ಅಲೆಯುವ ನಿರ್ದೇಶಕ ಸೂರ್ಯನನ್ನೂ ಅವನನ್ನು ಕಾಲಕಸ ಮಾಡುವ ಚಾಂದಿನಿಯನ್ನೂ ಮೊದಲೇ ನೋಡಿ ನಾವು ಅವಳನ್ನು ಬೈದುಕೊಂಡಿರುತ್ತೇವೆ. ಹಳೆಯದು ಬಿಚ್ಚಿಕೊಂಡಾಗ ಪ್ರೀತಿಸಿದ್ದವಳು ಅವಳು, ಪ್ರೀತಿಯನ್ನು ತುಚ್ಛವಾಗಿ ಕಂಡವನು ಅವನು ಅಂತ ಗೊತ್ತಾಗುತ್ತದೆ. ಚೀಟಿಗಳನ್ನು ನೇರ ಜೋಡಿಸಿದರೆ ಈ ಪೆಟ್ಟೇ ಇಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ‘ಎ’ ಮೊದಲು, ‘ಓಂ’ ಎರಡನೆಯದು.

ಮೂರನೆಯದು ‘ಉಪೇಂದ್ರ’. ನಾಯಕನ ಹೆಸರೇ ‘ನಾನು’ ಆದ್ದರಿಂದ ‘ನಾನು ಹೋಗಬೇಕು’ ಅನ್ನುವಂಥ ಸಾದಾ ಮಾತೂ ಅಹಂಕಾರದ ಮಾತಾಗಿಬಿಡುತ್ತದೆ. ಕನ್ನಡ ಕಿವಿಗೆ ಮಾತ್ರ ದಕ್ಕುವ ಸುಖ ಅದು. ‘ಉಪ್ಪಿ 2’ರಲ್ಲಿ ‘ನೀನು’ ಬಂದಾಗ ಆ ಮೊನೆ ಮೊಂಡಾಗಿದೆ, ವಿವರಣೆ ಜಾಸ್ತಿ. ನಾಲ್ಕನೆಯದು ‘ಶ್!’, ಶುದ್ಧ ಕುಸುರಿ. ಆಮೇಲೆ 2030ರ ಭಾರತ ಕಲ್ಪಿಸಿದ ‘ಸೂಪರ್’, ‘ತರ್ಲೆ ನನ್ ಮಗ’, ‘ಯುಐ’, ‘ಉಪ್ಪಿ 2’. ಕೊನೆಯೆರಡು ‘ಆಪರೇಷನ್ ಅಂತ’, ‘ಸ್ವಸ್ತಿಕ್’, ಬೇರೆಯವರೂ ಮಾಡಬಹುದಾಗಿದ್ದವು.

ಜಗಳ ಬಗೆಹರಿಸಲು ಗೆಳೆಯರಿಂದ ಮತ ಹಾಕಿಸಿ. ಚರ್ಚೆಗೆ ಮುಂಚೆಯೇ ಪ್ರತಿಯೊಬ್ಬರಿಂದ ಅವರವರ ಕ್ರಮವನ್ನು ಚೀಟಿಯಲ್ಲಿ ಬರೆಸಿ, ಮೊದಲ ಸ್ಥಾನಕ್ಕೆ ಹತ್ತು, ಕೊನೆಯದಕ್ಕೆ ಒಂದು ಅಂಕ ಕೊಟ್ಟು ಕೂಡಿ. ಇಲ್ಲದಿದ್ದರೆ ಗಂಟಲು ದೊಡ್ಡದಿರುವವರೇ ಗೆಲ್ಲುತ್ತಾರೆ. ‘ಎ’ಯನ್ನು ಟಿವಿಯಲ್ಲಿ ತುಂಡುತುಂಡಾಗಿ ನೋಡಿದವರ ಮತ ಸದ್ಯಕ್ಕೆ ಬೇಡ, ಹತ್ತು ನಿಮಿಷ ತಪ್ಪಿದರೂ ಈಗಿನದು ಯಾವುದು, ಹಳೆಯದು ಯಾವುದು ಎಂಬ ಎಳೆ ಕೈತಪ್ಪುತ್ತದೆ. ಮಳೆಗಾಲದಲ್ಲಿ ನೋಡುವುದಾದರೆ ಯುಪಿಎಸ್ ಇರುವ ಮನೆಯಲ್ಲೇ ಕೂರಿ, ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.