ಇಂಕ್‌ಸ್ಕೇಪ್‌ನಲ್ಲಿ ಕಾಫಿ ತೋಟದ ಗ್ರಿಡ್ ಮಾಡುವುದು ಹೇಗೆ?

ವಿರಾಜಪೇಟೆ ಕಡೆಯ ತೋಟಕ್ಕೆ ರೊಬಸ್ಟಾ ಗಿಡಗಳ ನಕ್ಷೆ ಬೇಕು, 10 ಅಡಿಗೊಂದು ವೃತ್ತ ಸಮನಾಗಿ ಕೂರಬೇಕು ಅಂತ ಕೇಳಿದ್ದೀರಿ. ಸುಮ್ನೆ ಕಾಪಿ-ಪೇಸ್ಟ್ ಮಾಡುತ್ತಾ ಕೂರಬೇಡಿ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನ ಟೈಲ್ಡ್ ಕ್ಲೋನ್ಸ್ (ಮೂಲಕ್ಕೆ ನಂಟಿರುವ ನಕಲುಗಳನ್ನು ಸಾಲಾಗಿ ಜೋಡಿಸುವ ಸೌಲಭ್ಯ) ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಅಡಿಗೆ 1 ಮಿ.ಮೀ. ಅಳತೆ ಇಟ್ಟುಕೊಂಡು 4 ಮಿ.ಮೀ. ಅಗಲದ ವೃತ್ತ ಬರೆಯಿರಿ. ಅದನ್ನು ಆರಿಸಿ, ಎಡಿಟ್ ಮೆನುವಿನ ಕ್ಲೋನ್ ಒಳಗೆ ಕ್ರಿಯೇಟ್ ಟೈಲ್ಡ್ ಕ್ಲೋನ್ಸ್ ತೆರೆಯಿರಿ. ಸಾಲು, ಕಾಲಂ ಎಷ್ಟು ಅಂತ ಕೊಡಿ.

ಜಾಸ್ತಿ ಜನ ಎಡವುವುದು ಅಲ್ಲಿರುವ ಶಿಫ್ಟ್ ಎಂಬ ಟ್ಯಾಬ್‌ನಲ್ಲಿ. ಅಲ್ಲಿ ಕೊಡುವ ಶೇಕಡಾ ವೃತ್ತದ ಅಗಲದ ಲೆಕ್ಕ, ಅದೂ ನಡುವಿನ ಖಾಲಿ ಜಾಗಕ್ಕೆ ಮಾತ್ರ. ನಿಮಗೆ 10 ಮಿ.ಮೀ. ಬೇಕು, ವೃತ್ತವೇ 4 ಇದೆ. ಉಳಿದ 6 ಅಂದರೆ 4ರ 150% ಅಲ್ವಾ? ಶಿಫ್ಟ್ ಎಕ್ಸ್‌ನ ಪರ್ ಕಾಲಂಗೂ ಶಿಫ್ಟ್ ವೈನ ಪರ್ ರೋಗೂ ಅದನ್ನೇ ಹಾಕಿ. ವೃತ್ತದ ಅಂಚಿಗೆ ಸ್ಟ್ರೋಕ್ (ಗೆರೆ) ಇಡಬೇಡಿ. ಅದರ ದಪ್ಪ ಅಗಲಕ್ಕೆ ಸೇರಿ ಅಳತೆ ತಪ್ಪುತ್ತದೆ.

ಸಾಲು ಬಿಟ್ಟು ಸಾಲು ಅರ್ಧ ಸರಿಯಬೇಕಿದ್ದರೆ, ಕ್ಲೋನ್‌ಗಳು ಬಂದ ಮೇಲೆ ಒಂದು ಬಿಟ್ಟು ಒಂದು ಸಾಲನ್ನು ಆರಿಸಿ 5 ಮಿ.ಮೀ. ಪಕ್ಕಕ್ಕೆ ಸರಿಸಿ.

ಮೂಲ ವೃತ್ತ ಮೊದಲ ಕ್ಲೋನ್‌ನ ಅಡಿಯಲ್ಲೇ ಇರುತ್ತದೆ, ಅಳಿಸಬೇಡಿ. ಅದರ ಬಣ್ಣ ಬದಲಿಸಿದರೆ ಎಲ್ಲವೂ ಬದಲಾಗುತ್ತವೆ. ಸಿಲ್ವರ್ ಓಕ್ (ನೆರಳಿನ ಮರ) ಇರುವ ಕಡೆ ಆ ಒಂದು ವೃತ್ತಕ್ಕೆ ಮಾತ್ರ ಅನ್‌ಲಿಂಕ್ ಕ್ಲೋನ್ ಕೊಟ್ಟು, ಅಂದರೆ ಮೂಲದ ನಂಟು ಬಿಡಿಸಿ, ಬೇರೆ ಬಣ್ಣ ಹಾಕಿ.