ಕೈಕೆಲಸ ಪ್ರಶ್ನೋತ್ತರ: ಹಳೇ ವಿಮಾನದ ರಿವೆಟ್ ಬಿಚ್ಚುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಅಂಗಳದಲ್ಲಿ ಪ್ರದರ್ಶನಕ್ಕಿಟ್ಟ ಕಿರಣ್ ತರಬೇತಿ ವಿಮಾನವಿದೆ. ಭಾನುವಾರಗಳಂದು ಹುಡುಗ, ಹುಡುಗಿಯರಿಗೆ ಅದರ ಮೇಲೆ ದುರಸ್ತಿ ಕಲಿಸುತ್ತಿದ್ದೇವೆ. ರೆಕ್ಕೆಯಡಿ ತಗಡುಗಳನ್ನು ಬಿಗಿದಿರುವ ರಿವೆಟ್‌ಗಳ ಸುತ್ತ ಬಿಳಿ ಪುಡಿ ಕಾಣುತ್ತಿದೆ. ಬಿಚ್ಚಲು ಹೋದರೆ ತೂತೇ ದೊಡ್ಡದಾಗುತ್ತದೆ. ಏನು ಮಾಡಬೇಕು?
– ಓದುಗರು, ಮಂಡ್ಯ

ಉತ್ತರ: ಆ ಪುಡಿ ಅಲ್ಯುಮಿನಿಯಂ ಸವೆಯುತ್ತಿರುವ ಗುರುತು. ಮೊದಲು ರೆಕ್ಕೆಯಡಿಯ ನೀರು ಬಸಿಯುವ ತೂತು ನೋಡಿ. ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದ್ದರೆ ಬಿದಿರುಕಡ್ಡಿಯಿಂದ ಬಿಡಿಸಿ. ಒಳಗೆ ನೀರು ನಿಂತಿರುವ ತನಕ ಮೇಲೆ ಎಷ್ಟು ಉಜ್ಜಿದರೂ ಅಷ್ಟೇ. ಉಕ್ಕಿನ ತಂತಿಬ್ರಷ್ ಬೇಡವೇ ಬೇಡ: ಅದರ ಚೂರುಗಳು ಅಲ್ಯುಮಿನಿಯಂನಲ್ಲಿ ಹೂತು, ತೇವ ಸಿಕ್ಕಾಗ ಸವೆತ ಇನ್ನೂ ಜೋರಾಗುತ್ತದೆ. ನೈಲಾನ್ ಪ್ಯಾಡ್ ಸಾಕು. ಹಳೇ ಪ್ರೈಮರ್‌ನಲ್ಲಿ ವಿಷಕಾರಿ ಕ್ರೋಮೇಟ್ ಇರಬಹುದು. ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ, ಮಾಸ್ಕ್ ಹಾಕಿಯೇ ಉಜ್ಜಿ.

ತೂತು ದೊಡ್ಡದಾಗಲು ಕಾರಣ, ಡ್ರಿಲ್ ಆರಪಾರ ಹೋಗುತ್ತಿರುವುದು. ಕೊರೆಯಬೇಕಾದದ್ದು ರಿವೆಟ್ಟಿನ ತಲೆಯನ್ನು ಮಾತ್ರ. ತಲೆಯ ನಟ್ಟನಡುವೆ ಸೆಂಟರ್ ಪಂಚ್‌ನಿಂದ ಮೆಲ್ಲಗೆ ಗುರುತು ಹಾಕಿ. 3.2 ಮಿ.ಮೀ. ರಿವೆಟ್‌ಗೆ 3 ಮಿ.ಮೀ. ಬಿಟ್ ಹಾಕಿ, ತಲೆಯ ದಪ್ಪದಷ್ಟೇ ಕೊರೆದು ನಿಲ್ಲಿಸಿ. ಪಿನ್ ಪಂಚ್ (ಸಪೂರ ಉಕ್ಕಿನ ಕಡ್ಡಿ) ತೂರಿಸಿ ಪಕ್ಕಕ್ಕೆ ಬಾಗಿಸಿದರೆ ತಲೆ ಟಕ್ಕೆಂದು ಕಳಚುತ್ತದೆ. ಹಿಂದೆ, ಕಾಂಡದ ಪಕ್ಕಕ್ಕೆ ಡಾಲಿ (ಆಸರೆಗೆ ಹಿಡಿಯುವ ಭಾರದ ಉಕ್ಕಿನ ತುಂಡು) ಒತ್ತಿಹಿಡಿದು ಉಳಿದ ಕಾಂಡವನ್ನು ಹೊಡೆದು ತೆಗೆಯಿರಿ. ಆಸರೆಯಿಲ್ಲದೆ ಹೊಡೆದರೆ ತಗಡು ನೆಗ್ಗುತ್ತದೆ.

ಹೊಸ ರಿವೆಟ್ಟಿನ ಉದ್ದ: ತಗಡುಗಳ ಒಟ್ಟು ದಪ್ಪಕ್ಕೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು ಸೇರಿಸಿ. ಎರಡು ತಗಡು ಸೇರಿ 2 ಮಿ.ಮೀ. ಇದ್ದರೆ 3.2 ಮಿ.ಮೀ. ರಿವೆಟ್‌ಗೆ 6.8 ಮಿ.ಮೀ. ಬಡಿದ ಮೇಲೆ ಒಳಬದಿಯಲ್ಲಿ ಮೂಡುವ ತಲೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಬಂದರೆ ಸರಿ. ಈಗಾಗಲೇ ಹಿಗ್ಗಿದ ತೂತಿಗೆ 4 ಮಿ.ಮೀ. ರಿವೆಟ್ ಹಾಕಬಹುದು. ಆದರೆ ತೂತಿನ ನಡುವಿನಿಂದ ತಗಡಿನ ಅಂಚಿಗೆ 8 ಮಿ.ಮೀ. ಇರಲೇಬೇಕು, ಇಲ್ಲವಾದರೆ ಅಂಚು ಸೀಳುತ್ತದೆ.

ಮಕ್ಕಳಿಗೆ ಮೊದಲು ಗುಜರಿ ತಗಡು ಕೊಡಿ. ಒಬ್ಬೊಬ್ಬರೂ ಐವತ್ತು ರಿವೆಟ್ ಬಡಿದು ಬಿಚ್ಚಿದ ಮೇಲೆ ರೆಕ್ಕೆ ಮುಟ್ಟಲಿ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುತ್ತಿದ್ದ ಹಳೇ ವಿಮಾನದ ಡಯಲ್ ಒಂದು ಗುಜರಿಯಲ್ಲಿ ಸಿಕ್ಕಿದೆ. ಈಗ ಹೊಳೆಯುವುದಿಲ್ಲ. ಬಿಚ್ಚಿ ಶುಚಿ ಮಾಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಹಳೇ ಡಯಲ್‌ಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಸತ್ತಿರುವುದು ಜೊತೆಗೆ ಬೆರೆಸಿದ ಸತುವಿನ ಸಲ್ಫೈಡ್ ದಣಿದದ್ದರಿಂದ. ರೇಡಿಯಂ ಅರ್ಧ ಕರಗಲಿಕ್ಕೇ ಸುಮಾರು 1600 ವರ್ಷ ಬೇಕು. ಗಾಜು ಒಡೆದಿದ್ದರೆ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ ಇಡಿ. ವಿಕಿರಣ ಅಳೆಯುವ ಉಪಕರಣ ಇರುವವರಿಂದ ಪರೀಕ್ಷೆ ಮಾಡಿಸಿ.